ನೂಲನ್ನು ಬಿಟ್ಟು ಬಾಬಿನ್ ಹಿಡಿದ ಲೋಹ

ಮಂಗಳೂರಿನ ಆಸ್ಪತ್ರೆಯೊಂದರ ಕೀಮೋ ವಾರ್ಡಿನಲ್ಲಿ ಚಿಕ್ಕಮ್ಮನ ಬಳಿ ಕುಳಿತಾಗ ಹೊತ್ತು ಹೋಗುತ್ತಿದ್ದುದೆಲ್ಲ ಸಲೈನ್ ಇಳಿಯುವುದನ್ನು ನೋಡುವುದರಲ್ಲೇ. ಅವರಿಗೆ ಕೊಡುತ್ತಿದ್ದ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಮೊದಲು ಮೈಗೆ ನೀರು ತುಂಬಬೇಕು. ಆ ಔಷಧದ ಜೀವಾಳ ಪ್ಲಾಟಿನಂ ಎಂದಾಗ ಅವರು ನಂಬಲೇ ಇಲ್ಲ.

ಇಟಲಿಯ ಮಿಕೆಲೆ ಪೆಯ್ರೋನೆ ಈ ಸಂಯುಕ್ತವನ್ನು ತಯಾರಿಸಿದ್ದು 1840ರ ದಶಕದಲ್ಲಿ. ಅದು ರೋಗಿಗಳಿಗೆ ಒದಗಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿದ್ದ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಅವು ಒಡೆದು ಎರಡಾಗದೆ ಉದ್ದನೆಯ ಎಳೆಗಳಾಗಿ ಬೆಳೆದವು. ವಿದ್ಯುದ್ವಾರದ ಪ್ಲಾಟಿನಂ ದ್ರಾವಣಕ್ಕೆ ಇಳಿದಿತ್ತು! ಈ ಶೋಧ ಪ್ರಕಟವಾದದ್ದು 1965ರಲ್ಲಿ, ಅಮೆರಿಕದಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿದ್ದು 1978ರಲ್ಲಿ. ಪ್ಲಾಟಿನಂ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗೆ ಅಂಟಿ ಎಳೆಯನ್ನೇ ಬಾಗಿಸುತ್ತದೆ. ಅದರ ನಕಲು ತೆಗೆಯಲಾಗದೆ ಜೀವಕೋಶ ಸಾಯುತ್ತದೆ.

ಆದರೆ ಆ ಎಳೆ ಕೋಶದೊಳಗೆ ಸಡಿಲವಾಗಿ ಬಿದ್ದಿರುವುದಿಲ್ಲ. ಚಿಕ್ಕಮ್ಮ ಕಿನ್ನಿಗೋಳಿಯಲ್ಲಿ ಉಡುಪಿ ಸೀರೆಗೆ ನೂಲು ಸುತ್ತಿದವರು. ಬಲಗೈ ಚರಕ ತಿರುಗಿಸುತ್ತಿದ್ದರೆ ಎಡಗೈಯ ಎರಡು ಬೆರಳುಗಳ ನಡುವೆ ಎಳೆ ಜಾರುತ್ತಿತ್ತು; ಬಾಬಿನ್ ತುಂಬುತ್ತ ಬಂದರೂ ನೂಲು ಸಿಕ್ಕಾಗುತ್ತಿರಲಿಲ್ಲ. ಒಂದು ಕೋಶದ ಸುಮಾರು 2 ಮೀಟರ್ ಡಿಎನ್‌ಎ ಸುತ್ತಿಕೊಳ್ಳುವುದೂ ಹೀಗೆಯೇ. ಇಲ್ಲಿ ಬಾಬಿನ್ ಎಂದರೆ ಹಿಸ್ಟೋನ್ ಎಂಬ ಪ್ರೋಟೀನ್. ಎಂಟು ಹಿಸ್ಟೋನ್‌ಗಳ ಒಂದು ಗುಂಪಿನ ಸುತ್ತ ಡಿಎನ್‌ಎಯ 147 ಜೋಡಿ ಅಕ್ಷರಗಳು. ಈ ಸುತ್ತಿನ ಸೂಕ್ಷ್ಮ ರಚನೆ ಸ್ಪಷ್ಟವಾಗಿ ಕಂಡದ್ದು 1997ರಲ್ಲಿ.

ಬಾಬಿನ್ನಿನ ಕಡೆಗೆ ಗಮನ ಹರಿದದ್ದು ತಡವಾಗಿ. ಸಿಂಗಪುರದ ಕರ್ಟ್ ಡೇವಿ ಮತ್ತು ಸ್ವಿಟ್ಜರ್ಲೆಂಡಿನ ಪಾಲ್ ಡೈಸನ್ ಅವರ ತಂಡಗಳು ಕ್ಯಾನ್ಸರ್ ವಿರುದ್ಧ ಪರೀಕ್ಷಿಸುತ್ತಿದ್ದ ರುಥೇನಿಯಂ ಲೋಹದ ಎರಡು ಸಂಯುಕ್ತಗಳನ್ನು ಹೋಲಿಸಿ 2014ರಲ್ಲಿ ವರದಿ ಮಾಡಿದವು. ಎರಡಕ್ಕೂ ಇದ್ದ ವ್ಯತ್ಯಾಸ ಲೋಹಕ್ಕೆ ಜೋಡಿಸಿದ ಅಣುವಿನಲ್ಲಿ ಮಾತ್ರ. ಆದರೂ ಒಂದು ಹೆಚ್ಚಾಗಿ ಡಿಎನ್‌ಎಗೆ ಅಂಟಿತು; ರಾಪ್ಟಾ-ಸಿ ಎಂಬ ಇನ್ನೊಂದು ಹಿಸ್ಟೋನನ್ನೇ ಹಿಡಿಯಿತು. ಲೋಹ ಎಲ್ಲಿಗೆ ಹೋಗಬೇಕೆಂಬುದನ್ನು ಅದರ ಜೊತೆಗಾರ ಅಣುಗಳಿಂದ ನಿರ್ಧರಿಸಬಹುದು ಎಂಬುದೇ ನನ್ನ ಪಾಲಿಗೆ ಈ ಕಥೆಯ ದೊಡ್ಡ ಸುದ್ದಿ.

ಇದೇ ತಂಡಗಳ 2017ರ ಅಧ್ಯಯನ ಇನ್ನೂ ವಿಸ್ಮಯಕರ. ಸಂಧಿವಾತಕ್ಕೆ ಕೊಡುವ ಔರನೋಫಿನ್‌ನಲ್ಲಿ ಚಿನ್ನವಿದೆ. ರಾಪ್ಟಾ-ಸಿಯನ್ನೇ ಹೋಲುವ ರಾಪ್ಟಾ-ಟಿ ಬಾಬಿನ್ನಿನ ಒಂದು ಕಡೆ ಕುಳಿತರೆ, ದೂರದ ಇನ್ನೊಂದು ಕಡೆ ಚಿನ್ನ ಅಂಟುವುದು ಸುಲಭವಾಗುತ್ತದೆ. ಚಿನ್ನವನ್ನು ಮುಟ್ಟದೆಯೇ ರಾಪ್ಟಾ-ಟಿ ಅದಕ್ಕೆ ನೆರವಾಗುತ್ತದೆ.

ರಾಪ್ಟಾ ಸದ್ಯ ಪ್ರಯೋಗಾಲಯದ ಸಂಯುಕ್ತ. ಬಾಬಿನ್ನಿನ ಹೋಲಿಕೆ ಕೊಟ್ಟು ಇದನ್ನೆಲ್ಲ ವಿವರಿಸಿದಾಗ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಅದಕ್ಕೂ ಇಷ್ಟೊಂದು ಸಲೈನ್ ಹಾಕಬೇಕೇ?"