ಇಪ್ಪತ್ತೈದು ಮರಿ ತರುವ ಮುಂಚೆ

ಫಾರಂ ಕೋಳಿಯನ್ನು ಮನೆಯಲ್ಲೇ ಸಾಕಿದರೆ ಮಾಂಸ ಅಗ್ಗವಾಗುತ್ತದೆ ಎಂಬ ಲೆಕ್ಕ ತಲೆಕೆಳಗಾಗುವುದು ಫೀಡ್‌ನಲ್ಲಿ. ದೊಡ್ಡ ಫಾರಂನಲ್ಲಿ ಆರು ವಾರಕ್ಕೆ ಎರಡು ಕೆಜಿ ತೂಗುವ ಕೋಳಿ ಮೂರೂವರೆ ಕೆಜಿಯೊಳಗೆ ತಿಂದಿರುತ್ತದೆ. ಮನೆಯಲ್ಲಿ ಚೆಲ್ಲುವುದೂ ಸೇರಿ ನಾಲ್ಕು ಕೆಜಿ ಹಿಡಿಯಿರಿ. ಚರ್ಮ ತೆಗೆದರೆ ಕೈಗೆ ಬರುವ ಮಾಂಸ ಸುಮಾರು 1.3 ಕೆಜಿ.

ಫೀಡ್ ಕೆಜಿಗೆ 45 ರೂಪಾಯಿ, ಮರಿಗೆ 45, ಲಸಿಕೆ, ಇದ್ದಿಲು, ಹಾಸುವ ಭತ್ತದ ಹೊಟ್ಟಿಗೆ 20 ಎಂದಿಟ್ಟುಕೊಂಡರೆ ಒಂದು ಕೋಳಿಗೆ 245 ರೂಪಾಯಿ, ಮಾಂಸಕ್ಕೆ ಕೆಜಿಗೆ ಸುಮಾರು 190. 25ರಲ್ಲಿ ಮೂರು ಮರಿ ಮೊದಲ ವಾರ ಸತ್ತರೆ ಅದು 195 ಆಗುತ್ತದೆ. ಅದೇ ಮೂರು ಆರನೇ ವಾರ ಸತ್ತರೆ 215ರ ಹತ್ತಿರ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಧಗೆಗೆ ಸಾಯುವುದು ಹೀಗೆ ಮೈ ತುಂಬಿಕೊಂಡ ಕೋಳಿಗಳೇ. ಆರು ವಾರ ದಾಟಿದ ಮೇಲೆ ಒಂದೊಂದೂ ದಿನಕ್ಕೆ ಇನ್ನೂರು ಗ್ರಾಂವರೆಗೆ ತಿನ್ನುತ್ತದೆ. ಹಬ್ಬಕ್ಕೆಂದು ಹತ್ತು ದಿನ ಕಾದರೆ ಉಳಿತಾಯ ಅಲ್ಲೇ ಮುಗಿಯಿತು. ನಿಮ್ಮೂರಿನ ದರ ಹಾಕಿ ನೋಡಿ, ಫಾರಂ ಕೋಳಿಯನ್ನು ಅಂಗಡಿಯಲ್ಲೇ ಕೊಳ್ಳುವುದು ಲೇಸು ಎನ್ನುವುದು ನನ್ನ ಸಲಹೆ. ಇಂಜೆಕ್ಷನ್ ಕೊಟ್ಟು ಬೆಳೆಸುತ್ತಾರೆ ಎಂಬ ಭಯಕ್ಕೆ ಮನೆಯಲ್ಲಿ ಸಾಕುವುದೂ ಬೇಡ. ಅದು ಬೇಗ ಬೆಳೆಯುವುದು ತಳಿಯ ಗುಣದಿಂದ.

ಹಿತ್ತಿಲಿಗೆ ಒಪ್ಪುವುದು ನಾಟಿ, ಇಲ್ಲವೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿ. ಇವು ಸೊಪ್ಪು, ಹುಳು, ಗೆದ್ದಲು, ಮುಸುರೆ ಅನ್ನ ಹೆಕ್ಕಿ ಫೀಡ್ ಖರ್ಚು ಇಳಿಸುತ್ತವೆ. ನಾಟಿ ಹುಂಜ ತೂಕಕ್ಕೆ ಬರಲು ಐದಾರು ತಿಂಗಳು ಬೇಕು, ಗಿರಿರಾಜಕ್ಕೆ ಅದರರ್ಧ ಸಾಕು. ಆದರೆ ಮೊದಲ ನಾಲ್ಕು ವಾರ ಸ್ಟಾರ್ಟರ್ ಫೀಡ್‌ನಲ್ಲಿ, ಅಂದರೆ ಎಳೆ ಮರಿಗಳ ಫೀಡ್‌ನಲ್ಲಿ, ಜಿಪುಣತನ ಮಾಡಿದರೆ ಮರಿ ಕುಗ್ಗಿ, ಮತ್ತೆ ಚೇತರಿಸುವುದಿಲ್ಲ.

ಮರಿ ಉಳಿಯುವುದು ಕಾವಿನ ಮೇಲೆ. ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಮೇಲೆ ಪೇಪರ್ ಹಾಸಿ, ಸುತ್ತ ತಗಡನ್ನು ದುಂಡಗೆ ನಿಲ್ಲಿಸಿ. ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಥರ್ಮಾಮೀಟರ್‌ಗಿಂತ ಮರಿಗಳನ್ನು ನಂಬಿ: ಕಾವಿಗೆ ಹಾಕಿದ ಬಲ್ಬಿನಡಿ ಗುಂಪುಗೂಡಿದರೆ ಚಳಿ, ತಗಡಿಗೆ ಅಂಟಿ ಬಾಯಿ ಬಿಟ್ಟರೆ ಸೆಕೆ, ಒಂದೇ ಬದಿಗೆ ಸರಿದರೆ ಗಾಳಿ ನುಗ್ಗುತ್ತಿದೆ. ರಾತ್ರಿ ಕರೆಂಟ್ ಹೋಗುವ ಊರಲ್ಲಿ ಇದ್ದಿಲ ಬಾಂಡಲಿ ಸಿದ್ಧವಿರಲಿ. ಹೊಗೆ ಆಡದಂತೆ ಹೊರಗೇ ಕೆಂಡ ಮಾಡಿಕೊಂಡು ಒಳಗಿಡಿ, ಗಾಳಿಯಾಡುವ ಕಿಂಡಿ ಬಿಡಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಐದರಿಂದ ಏಳನೇ ದಿನದೊಳಗೆ ಲಸೋಟಾ ಲಸಿಕೆ, ಕಣ್ಣಿಗೊಂದು ಹನಿ. 14ನೇ ದಿನ ಗುಂಬೋರೋ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟಾ, ಎಂಟು ವಾರ ದಾಟಿದ ನಾಟಿ, ಗಿರಿರಾಜಕ್ಕೆ ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ ಆರ್‌ಟುಬಿ. ಲಸಿಕೆ ಐಸ್‌ನಲ್ಲೇ ಬರಬೇಕು, ಕಲಸಿದ ಎರಡು ಗಂಟೆಯೊಳಗೆ ಮುಗಿಯಬೇಕು. ನೀರಿನಲ್ಲಿ ಕೊಡುವುದಾದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಅದು ಲಸಿಕೆಯನ್ನೇ ಕೊಲ್ಲುತ್ತದೆ. ಹೊಟ್ಟು ಒದ್ದೆಯಾದರೆ ರಕ್ತಭೇದಿ ಬರುತ್ತದೆ; ನೀರಿನ ಪಾತ್ರೆಯ ಕೆಳಗಿನ ಹೊಟ್ಟನ್ನು ದಿನವೂ ಕೆದಕಿ ಬದಲಿಸಿ.

ಕೊಯ್ಯುವ ಮುನ್ನ ಎಂಟು ಗಂಟೆ ಫೀಡ್ ನಿಲ್ಲಿಸಿ, ನೀರು ಮಾತ್ರ ಇಡಿ. ಔಷಧಿ ಕೊಟ್ಟಿದ್ದರೆ ಚೀಟಿಯಲ್ಲಿ ಬರೆದಷ್ಟು ದಿನ ಕಳೆಯಲಿ. ಪುಕ್ಕ ಕೀಳಲು ನೀರು 60ರಿಂದ 65 ಡಿಗ್ರಿ ಸಾಕು, ಕುದಿಯುವ ನೀರಿಗೆ ಚರ್ಮ ಹರಿಯುತ್ತದೆ. ಕೊಯ್ದ ಒಂದೆರಡು ಗಂಟೆಗೆ ಮಾಂಸ ಸೆಟೆದುಕೊಳ್ಳುವುದರಿಂದ, ಫ್ರಿಜ್‌ನಲ್ಲಿ ಒಂದು ರಾತ್ರಿ ಇಟ್ಟು ಮಾರನೇ ದಿನ ಸಾರಿಗೆ ಹಾಕಿ.