ಬೆಳಕು ಬಿದ್ದರೆ ಏನಾಗುತ್ತದೆ? ಬೆಕ್ಕಿನ ಕಣ್ಣಿನಿಂದ ಓಟಿನ ಶಾಯಿವರೆಗೆ

ತುಮಕೂರಿನಲ್ಲಿ ನಾವು ನಾಲ್ಕು ಜನ ಒಂದು ರೂಮು ಮಾಡಿಕೊಂಡು ಪರೀಕ್ಷೆಗಳಿಗೆ ಓದುತ್ತಿದ್ದೇವೆ. ವಿಜ್ಞಾನಕ್ಕೆ ಒಂದು ನೋಟ್‌ಬುಕ್ಕು, ತಂತ್ರಜ್ಞಾನಕ್ಕೆ ಇನ್ನೊಂದು, ಸಂವಿಧಾನಕ್ಕೆ ಮತ್ತೊಂದು. ಹೀಗೆ ಬೇರೆ ಬೇರೆ ಇಟ್ಟುಕೊಂಡು ಓದಿದ್ದು ನನ್ನ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಒಂದು ರಾತ್ರಿ ಕರೆಂಟ್ ಹೋಯಿತು. ಓನರ್ ಮನೆಯ ಬೆಕ್ಕು ನಮ್ಮ ಮೆಟ್ಟಿಲ ಮೇಲೆ ಮಲಗುತ್ತದೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಇಳಿಯುವಾಗ ಅದು ತಲೆ ಎತ್ತಿತು, ಎರಡು ಹಸಿರು ದೀಪ ಹೊತ್ತಿದ ಹಾಗೆ ಕಣ್ಣು ಹೊಳೆಯಿತು. ಹಿಂದೆ ಬರುತ್ತಿದ್ದ ಗೆಳೆಯ ಕೇಳಿದ: "ಅದರ ಕಣ್ಣೊಳಗೇ ಲೈಟ್ ಇರುತ್ತಾ? ಮತ್ತೆ ನಮ್ಮ ಕಣ್ಣು ಯಾಕೆ ಹೊಳೆಯಲ್ಲ?"

ಉತ್ತರ ಹುಡುಕುತ್ತಾ ಹೋದಾಗ ಅದರ ಕೆಳಗೆ ಇನ್ನೊಂದು ಪ್ರಶ್ನೆ ಸಿಕ್ಕಿತು. ಬೆಳಕು ಒಂದು ವಸ್ತುವಿನ ಮೇಲೆ ಬಿದ್ದರೆ ಅಲ್ಲಿ ಏನಾಗುತ್ತದೆ? ಇದೊಂದನ್ನೇ ಹಿಡಿದುಕೊಂಡು ಹೋದರೆ ಟಿವಿ ರಿಮೋಟು, ಪಾವಗಡದ ಸೋಲಾರ್ ಪ್ಯಾನೆಲ್ಲು, ಓಟು ಹಾಕಿದಾಗ ಬೆರಳಿಗೆ ಬಳಿಯುವ ಶಾಯಿ ಎಲ್ಲವೂ ಒಂದೇ ದಾರಕ್ಕೆ ಬರುತ್ತವೆ. ನನ್ನ ಹಾಗೆ ಓದಿದ್ದು ಮರೆತುಹೋಗುತ್ತದೆ ಅನ್ನುವವರಿಗಾಗಿ ಈ ಟಿಪ್ಪಣಿ.

ಬೆಕ್ಕಿನ ಕಣ್ಣು

ಬೆಕ್ಕಿನ ಕಣ್ಣು ತಾನಾಗಿ ಬೆಳಕು ಮಾಡುವುದಿಲ್ಲ. ಒಂದು ಚೂರೂ ಬೆಳಕಿಲ್ಲದ ಕಡೆ ಅದಕ್ಕೂ ಏನೂ ಕಾಣುವುದಿಲ್ಲ, ಅದರ ಕಣ್ಣೂ ಹೊಳೆಯುವುದಿಲ್ಲ. ನಾವು ಬಿಟ್ಟ ಬೆಳಕೇ ನಮಗೆ ತಿರುಗಿ ಬರುತ್ತದೆ.

ಕಣ್ಣಿನ ಒಳಗಡೆ, ಹಿಂಭಾಗದಲ್ಲಿ, ಬೆಳಕನ್ನು ಹಿಡಿಯುವ ಪರದೆ ಇದೆ. ಪುಸ್ತಕದಲ್ಲಿ ಅದು ಅಕ್ಷಿಪಟಲ, ಅಂದರೆ ರೆಟಿನಾ. ಬಂದ ಬೆಳಕೆಲ್ಲಾ ಅಲ್ಲಿ ಸಿಕ್ಕಿಬೀಳುವುದಿಲ್ಲ, ಸ್ವಲ್ಪ ದಾಟಿ ಹೋಗುತ್ತದೆ. ನಮ್ಮ ಕಣ್ಣಲ್ಲಿ ಹಾಗೆ ದಾಟಿದ್ದರಲ್ಲಿ ಹೆಚ್ಚಿನದನ್ನು ಹಿಂದಿನ ಕಪ್ಪು ಪದರ ನುಂಗಿಬಿಡುತ್ತದೆ. ಬೆಕ್ಕಿಗೆ ಅದೇ ಜಾಗದಲ್ಲಿ ಹೊಳಪಿನ ಪದರ ಇದೆ. ಹೆಸರು ಟಪೀಟಮ್ ಲೂಸಿಡಮ್. ದಾಟಿ ಬಂದ ಬೆಳಕನ್ನು ಅದು ಕನ್ನಡಿಯ ಹಾಗೆ ರೆಟಿನಾಕ್ಕೇ ವಾಪಸ್ ಕಳಿಸುತ್ತದೆ. ಮೊದಲ ಸಲ ತಪ್ಪಿಸಿಕೊಂಡ ಬೆಳಕನ್ನು ಹಿಡಿಯಲು ಕಣ್ಣಿಗೆ ಇನ್ನೊಂದು ಅವಕಾಶ. ಎರಡನೇ ಸಲವೂ ಸಿಗದೆ ಹೋದದ್ದು ಪಾಪೆಯ ಮೂಲಕ ಆಚೆ ಬರುತ್ತದೆ. ಮೆಟ್ಟಿಲ ಮೇಲೆ ನಮಗೆ ಕಂಡ ಹಸಿರು ಅದೇ.

ಈ ಪದರ ನಾಯಿ, ಹಸು, ಎಮ್ಮೆ, ಕುರಿ, ಮೇಕೆ, ಚಿರತೆಗೆಲ್ಲಾ ಇದೆ. ಮನುಷ್ಯರಿಗೆ, ಕೋತಿಗೆ, ಹಂದಿಗೆ ಇಲ್ಲ. ಎಲ್ಲರ ಪದರವೂ ಒಂದೇ ಸಾಮಾನಿನದ್ದಲ್ಲ. ಬೆಕ್ಕು, ನಾಯಿಯಲ್ಲಿ ಅದು ವಿಶೇಷ ಜೀವಕೋಶಗಳಿಂದ ಆಗಿದೆ. ಹಸು, ಕುರಿಯಲ್ಲಿ ಕೊಲಾಜನ್ ನಾರುಗಳಿಂದ. ಕೆಲಸ ಮಾತ್ರ ಒಂದೇ. ದೇವರಾಯನದುರ್ಗದ ಕಾಡಿನ ರಸ್ತೆಯಲ್ಲಿ ರಾತ್ರಿ ಗಾಡಿಯ ಲೈಟಿಗೆ ಎರಡು ಕಣ್ಣು ಹೊಳೆದರೆ, ಅದು ತಪ್ಪಿಸಿಕೊಂಡ ಹಸುವೋ ಚಿರತೆಯೋ ಎಂದು ಬರೀ ಹೊಳಪು ನೋಡಿ ಹೇಳುವುದು ಕಷ್ಟ. ಗಾಡಿಯಿಂದ ಇಳಿಯಬೇಡಿ.

ಇಷ್ಟು ಒಳ್ಳೆಯ ಪದರ ನಮಗೆ ಯಾಕಿಲ್ಲ? ಅದಕ್ಕೊಂದು ಬೆಲೆ ಇದೆ. ವಾಪಸ್ ಬರುವ ಬೆಳಕು ಸ್ವಲ್ಪ ಚದುರುತ್ತದೆ, ಚಿತ್ರ ಕೊಂಚ ಮಸುಕಾಗುತ್ತದೆ. ಬೆಕ್ಕಿಗೆ ಮಬ್ಬಿನಲ್ಲಿ ಇಲಿ ಅಲುಗಿದ್ದು ಕಂಡರೆ ಸಾಕು. ನಮ್ಮದು ಹಗಲಿನ ಕಣ್ಣು, ಸಣ್ಣ ಅಕ್ಷರವೂ ಸ್ಪಷ್ಟವಾಗಿ ಕಾಣಬೇಕು.

ಊರಿಗೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಪ್ರಯೋಗ ಮಾಡಿದೆ. ನೀವೂ ಮಾಡಿ. ಟಾರ್ಚನ್ನು ಹಣೆಗೆ ಒತ್ತಿಕೊಂಡು ಹಸುವಿನ ಕಡೆ ಹಿಡಿದೆ. ಕಣ್ಣು ಕೆಂಡದ ಹಾಗೆ ಹೊಳೆಯಿತು. ಆಮೇಲೆ ಟಾರ್ಚನ್ನು ತಮ್ಮನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿ, ಅಲ್ಲಿಂದ ಬಿಡು ಅಂದೆ. ನನಗೆ ಹೊಳಪು ಕಾಣಲಿಲ್ಲ. ತಮ್ಮ "ಹೊಳೀತಾ ಇದೆ ಅಲ್ವಾ, ನಿಂಗೆ ಕಾಣ್ತಿಲ್ವಾ?" ಅಂದ. ಬೆಳಕು ಎಲ್ಲಿಂದ ಬಂತೋ ಆ ದಿಕ್ಕಿಗೇ ತಿರುಗಿ ಹೋಗುತ್ತದೆ ಎಂದು ಓದಿದ್ದೆ. ನೋಡಿದ್ದು ಅವತ್ತೇ. ಹೆದ್ದಾರಿಯ ಗೆರೆಗಳ ಮೇಲೆ ಕೂರಿಸುವ ಹೊಳೆಯುವ ಗುಂಡಿಗಳೂ ಇದೇ ಲೆಕ್ಕದವು. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಅಲ್ಲಿ ಅದನ್ನು ಕರೆಯುವುದೇ ಬೆಕ್ಕಿನ ಕಣ್ಣು ಅಂತ.

ರಿಮೋಟಿನ ಕಾಣದ ಬೆಳಕು

ಇದು ಚಿಕ್ಕದು, ಆದರೆ ಮುಂದಿನದಕ್ಕೆ ಬೇಕು. ಟಿವಿ ರಿಮೋಟಿನ ತುದಿಯ ಪುಟ್ಟ ಬಲ್ಬನ್ನು ಮೊಬೈಲ್ ಕ್ಯಾಮೆರಾ ಮುಂದೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಸ್ಕ್ರೀನಿನಲ್ಲಿ ನೇರಳೆ ಬಣ್ಣದ ಚುಕ್ಕಿ ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಹಿಂದಿನದಕ್ಕೆ ಈ ಬೆಳಕನ್ನು ತಡೆಯುವ ಫಿಲ್ಟರ್ ಸಾಮಾನ್ಯವಾಗಿ ಜೋರಾಗಿರುತ್ತದೆ.

ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಮಾತ್ರ ಕಾಣುತ್ತದೆ. ರಿಮೋಟು ಬಿಡುವುದು ಸುಮಾರು 940ರ ಅವಕೆಂಪು ಬೆಳಕು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವುದು ಸಿಲಿಕಾನ್ ಚಿಪ್ಪು, ಅದು ಸುಮಾರು 1100ರವರೆಗೆ ಹಿಡಿಯುತ್ತದೆ. ಈ 1100 ನೆನಪಿರಲಿ.

ಪಾವಗಡದ ಪ್ಯಾನೆಲ್ಲು

ಸಿಲಿಕಾನಿಗೆ 1100ರ ಗಡಿ ಯಾಕೆ? ಬೆಳಕು ನೀರಿನ ಹಾಗೆ ಎಡೆಬಿಡದೆ ಸುರಿಯುವುದಿಲ್ಲ, ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆ. ಆ ಪೊಟ್ಟಣವೇ ಫೋಟಾನ್. ತರಂಗಾಂತರ ಕಡಿಮೆಯಾದಷ್ಟೂ ಒಂದೊಂದು ಪೊಟ್ಟಣದ ಶಕ್ತಿ ಜಾಸ್ತಿ. ಲೋಹದ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನ್‌ಗಳನ್ನು ಹೇಗೆ ಹೊರಗೆ ತಳ್ಳುತ್ತದೆ ಎಂಬುದನ್ನು ಐನ್‌ಸ್ಟೀನ್ 1905ರಲ್ಲಿ ಈ ಪೊಟ್ಟಣದ ಲೆಕ್ಕದಿಂದಲೇ ವಿವರಿಸಿದರು. 1921ರ ನೊಬೆಲ್ ಬಂದದ್ದು ಇದಕ್ಕೆ, ಸಾಪೇಕ್ಷತೆಗೆ ಅಲ್ಲ. ಪರೀಕ್ಷೆಯಲ್ಲಿ ಇಲ್ಲಿ ಎಡವುವವರು ಬಹಳ.

ಸಿಲಿಕಾನಿನಲ್ಲಿ ಎಲೆಕ್ಟ್ರಾನನ್ನು ಕಟ್ಟಿನಿಂದ ಬಿಡಿಸಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 1100 ನ್ಯಾನೋಮೀಟರಿನ ಪೊಟ್ಟಣದಲ್ಲಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಅದಕ್ಕಿಂತ ಬಡವಾದ ಪೊಟ್ಟಣ ಎಷ್ಟು ಸಾವಿರ ಬಂದರೂ ಎಲೆಕ್ಟ್ರಾನ್ ಕದಲುವುದಿಲ್ಲ. ಜಾಸ್ತಿ ಶಕ್ತಿಯ ಪೊಟ್ಟಣ ಬಂದರೆ ಬೇಕಾದಷ್ಟು ಬಳಕೆಯಾಗಿ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಹೀಗೆ ಎರಡೂ ಕಡೆ ಸೋರಿಕೆ. ಅದಕ್ಕೇ ಈಗಿನ ಪ್ಯಾನೆಲ್ಲು ತನ್ನ ಮೇಲೆ ಬಿದ್ದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾತ್ರ ಕರೆಂಟಾಗಿ ಕೊಡುತ್ತದೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ತೋರಿಸಿದ ಸಿಲಿಕಾನ್ ಕೋಶ ಕೊಟ್ಟಿದ್ದು ಶೇ. 6ರಷ್ಟು.

ನಮ್ಮ ರೂಮಿನಲ್ಲಿ ಒಂದು ಜೋರು ವಾದ ಆಯಿತು. ಪಾವಗಡದಲ್ಲಿ ಬಿಸಿಲು ಜಾಸ್ತಿ, ಸುಡು ಬಿಸಿಲಲ್ಲಿ ಕರೆಂಟೂ ಜಾಸ್ತಿ ಅಂತ ಮೂವರು. ನಾನೂ ಅವರಲ್ಲೊಬ್ಬ. ತಪ್ಪು ನಮ್ಮ ಮಾತಿನಲ್ಲೇ ಅಡಗಿತ್ತು. ಬಿಸಿಲು ಅನ್ನುವಾಗ ನಾವು ಬೆಳಕು, ಬಿಸಿ ಎರಡನ್ನೂ ಸೇರಿಸಿ ಹೇಳುತ್ತೇವೆ. ಪ್ಯಾನೆಲ್ಲಿಗೆ ಬೇಕಾದ್ದು ಬೆಳಕು. ಬಿಸಿ ಅದಕ್ಕೆ ಶತ್ರು. 25 ಡಿಗ್ರಿಗಿಂತ ಮೇಲೆ ಪ್ಯಾನೆಲ್ಲಿನ ಬಿಸಿ ಒಂದೊಂದು ಡಿಗ್ರಿ ಏರಿದರೂ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ಲು 60 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. 35 ಡಿಗ್ರಿ ಜಾಸ್ತಿ ಆಯಿತು. 35 ಗುಣಿಸು 0.4, ಅಂದರೆ ಶೇ. 14 ನಷ್ಟ. ಪಾವಗಡಕ್ಕೆ ಲಾಭ ಬರುವುದು ಮೋಡ ಕಡಿಮೆ ಇರುವುದರಿಂದ, ವರ್ಷದಲ್ಲಿ ಬೆಳಕಿನ ದಿನಗಳು ಹೆಚ್ಚಿರುವುದರಿಂದ. ಉರಿ ಬಿಸಿಲಿನಿಂದ ಅಲ್ಲ.

ಪಾವಗಡದ ಸೋಲಾರ್ ಪಾರ್ಕು ತಿರುಮಣಿಯ ಸುತ್ತಮುತ್ತ ಐದು ಹಳ್ಳಿಗಳಲ್ಲಿ ಹರಡಿದೆ: ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ ಸಾಮರ್ಥ್ಯ. ಕಟ್ಟಿಸಿದ್ದು ಕೇಂದ್ರದ ಸೌರಶಕ್ತಿ ನಿಗಮ ಮತ್ತು ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಸೇರಿ ಮಾಡಿಕೊಂಡ ಜಂಟಿ ಕಂಪನಿ. ಕೇಂದ್ರ, ರಾಜ್ಯ ಎರಡೂ ಯಾಕೆ ಬಂದವು ಎಂದು ಕೇಳಿಕೊಂಡರೆ ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕೆಂದು ಹಂಚುವ ಸಂವಿಧಾನದ ಏಳನೇ ಅನುಸೂಚಿ ಸಲೀಸಾಗಿ ನೆನಪಿರುತ್ತದೆ. ವಿದ್ಯುತ್ ಸಮವರ್ತಿ ಪಟ್ಟಿಯ 38ನೇ ವಿಷಯ. ಭೂಮಿ ರಾಜ್ಯ ಪಟ್ಟಿಯ 18ನೇ ವಿಷಯ. ಕರೆಂಟಿನ ಬಗ್ಗೆ ಇಬ್ಬರೂ ಕಾನೂನು ಮಾಡಬಹುದು, ನೆಲ ರಾಜ್ಯದ್ದು.

ಆ ನೆಲವನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಹೊಲದ ಮೇಲಿನ ಹಕ್ಕು ಉಳಿದು, ವರ್ಷಾವರ್ಷ ಹಣ ಬರುವುದು ದೊಡ್ಡ ಮಾತು. ಆದರೆ ಆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡ್ಲೇಕಾಯಿ ಬಿಡಿಸಿ, ಕಳೆ ಕಿತ್ತು ಬದುಕುತ್ತಿದ್ದ ಕೂಲಿಯವರ ಹೆಸರಲ್ಲಿ ಪಹಣಿ ಇಲ್ಲ. ಅವರ ಕೂಲಿ ದಿನಗಳು ಹೋದವು, ಬದಲಿಗೆ ಗುತ್ತಿಗೆ ಹಣ ಬರಲಿಲ್ಲ. ಕುರಿ ಮೇಯಿಸುವವರಿಗೂ ಬಯಲು ಚಿಕ್ಕದಾಯಿತು. ಸೌರಶಕ್ತಿಯ ಬಗ್ಗೆ ಪ್ರಬಂಧ ಬರೆಯುವಾಗ ಮೆಗಾವ್ಯಾಟ್ ಬರೆದು ನಿಲ್ಲಿಸಬೇಡಿ, ಇದನ್ನೂ ಬರೆಯಿರಿ. ಮಾರ್ಕ್ಸಿಗಾಗಿ ಹೇಳುತ್ತಿಲ್ಲ. ಅದು ನಮ್ಮ ಜಿಲ್ಲೆಯ ಜನರ ಮಾತು.

ಬೆರಳಿನ ಶಾಯಿ

ಕಣ್ಣಲ್ಲಿ ಬೆಳಕು ತಿರುಗಿ ಬಂತು. ಸಿಲಿಕಾನಿನಲ್ಲಿ ಎಲೆಕ್ಟ್ರಾನ್ ಬಿಡಿಸಿತು. ಇಲ್ಲಿ ವಸ್ತುವನ್ನೇ ಬದಲಾಯಿಸುತ್ತದೆ.

ಡಿಗ್ರಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿದವರಿಗೆ ಇದು ಗೊತ್ತಿರುತ್ತದೆ. ಉಪ್ಪಿನ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಮೊಸರು ಒಡೆದ ಹಾಗೆ ಬೆಳ್ಳಗೆ ಗರಣೆ ಕಟ್ಟುತ್ತದೆ. ಅದು ಸಿಲ್ವರ್ ಕ್ಲೋರೈಡ್. ನಾನು ಆ ಟ್ಯೂಬನ್ನು ಕಿಟಕಿ ಹತ್ತಿರದ ಸ್ಟ್ಯಾಂಡಿನಲ್ಲಿ ಇಟ್ಟು ರೆಕಾರ್ಡ್ ಬರೆಯಲು ಕೂತಿದ್ದೆ. ತಿರುಗಿ ನೋಡಿದರೆ ಕಿಟಕಿ ಕಡೆಯ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು, ನನ್ನ ಕಡೆಯದು ಇನ್ನೂ ಬೆಳ್ಳಗಿತ್ತು. ಬೆರಳಿಗೆ ತಾಗಿದ್ದ ಹನಿ ಸಂಜೆಗೆ ಕಪ್ಪು ಕಲೆಯಾಗಿತ್ತು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ.

ಓಟಿನ ಶಾಯಿಯಲ್ಲಿ ಇರುವುದೂ ಸಿಲ್ವರ್ ನೈಟ್ರೇಟ್. ಅದು ಚರ್ಮದ ಬೆವರಿನ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದು ಒಡೆದು ಬೆಳ್ಳಿಯ ತೀರಾ ಸಣ್ಣ ಕಣಗಳು ಉಳಿಯುತ್ತವೆ. ಬೆಳ್ಳಿ ಅಂದರೆ ಕಾಲುಂಗುರದ ಹಾಗೆ ಹೊಳೆಯಬೇಕಲ್ವಾ? ಕಣ ಅಷ್ಟು ಸಣ್ಣದಾದಾಗ ಕಪ್ಪಾಗಿ ಕಾಣುತ್ತದೆ. ಹಳೆಯ ಕಪ್ಪು ಬಿಳುಪು ಫೋಟೋದ ಕಪ್ಪೂ ಇದೇ ಬೆಳ್ಳಿಯದು. ಮತಗಟ್ಟೆಯಿಂದ ಹೊರಗೆ ಬಂದು ಬಿಸಿಲಲ್ಲಿ ನಡೆದ ಮೇಲೆ ಗೆರೆ ಇನ್ನೂ ಗಾಢವಾಗುವುದು ಇದಕ್ಕೇ. ಸಿಲ್ವರ್ ನೈಟ್ರೇಟನ್ನು ಕಂದು ಬಾಟಲಿಯಲ್ಲಿ ಇಡುವುದೂ ಇದಕ್ಕೇ.

ರಾಷ್ಟ್ರೀಯ ಭೌತ ಪ್ರಯೋಗಾಲಯ ಕಂಡುಹಿಡಿದ ಈ ಶಾಯಿಯನ್ನು 1962ರ ಸಾರ್ವತ್ರಿಕ ಚುನಾವಣೆಯಿಂದ ಬಳಸುತ್ತಿದ್ದೇವೆ. ತಯಾರಿಸುವುದು ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಇಲ್ಲಿಂದ 25ಕ್ಕೂ ಹೆಚ್ಚು ದೇಶಗಳಿಗೆ ಶಾಯಿ ಹೋಗಿದೆ.

ಕಾನೂನು ಎಲ್ಲಿದೆ? ಒಬ್ಬರ ಹೆಸರಲ್ಲಿ ಇನ್ನೊಬ್ಬರು ಓಟು ಹಾಕುವುದನ್ನು ತಡೆಯಲು ಬೆರಳಿಗೆ ಗುರುತು ಹಾಕುವ ಮಾತು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 61ನೇ ಕಲಮಿನಲ್ಲಿದೆ. ಎಡಗೈ ತೋರುಬೆರಳು ಎಂಬ ವಿವರ 1961ರ ಚುನಾವಣಾ ನಿಯಮಗಳ 49ಕೆ ನಿಯಮದಲ್ಲಿ. ಆ ಬೆರಳು ಇಲ್ಲದವರಿಗೆ ಎಡಗೈಯ ಬೇರೆ ಬೆರಳು. ನಾನು ನೆನಪಿಟ್ಟುಕೊಂಡಿದ್ದು ಹೀಗೆ: ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಸಂವಿಧಾನದ 61ನೇ ತಿದ್ದುಪಡಿ. ಶಾಯಿಗೂ 61, ವಯಸ್ಸಿಗೂ 61, ನಿಯಮಗಳ ವರ್ಷವೂ 61.

ಚರ್ಮದ ಮೇಲಿನ ಕಲೆ ಬೇಗ ಹೋಗುತ್ತದೆ, ಮೇಲಿನ ಪದರ ಉದುರಿ ಹೊಸದು ಬರುತ್ತಲೇ ಇರುತ್ತದೆ. ಉಗುರಿನದು ಹಾಗಲ್ಲ, ಉಗುರು ಬೆಳೆದೇ ಹೋಗಬೇಕು. 2024ರ ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆಗೆ ಮತದಾನ ಆಯಿತು. ಅವತ್ತಿನಿಂದ ಅಜ್ಜಿಯ ಉಗುರನ್ನು ನೋಡುತ್ತಾ ಬಂದೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ವಯಸ್ಸಾದವರಿಗೆ ಇನ್ನೂ ನಿಧಾನ. ಜೂನ್ ಕೊನೆಗೆ ಹೋದಾಗ ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಬಂದಿತ್ತು, ಕಪ್ಪು ತುದಿಯ ಕಡೆ ಸರಿದಿತ್ತು. ಅಳತೆಪಟ್ಟಿ ಇಟ್ಟು ನೋಡಿದೆ. ಐದು ಮಿಲಿಮೀಟರಿಗೆ ಒಂಚೂರು ಕಡಿಮೆ. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಳ್ಳದೆ, ಕಿಟಕಿ ಬೆಳಕಿನ ಕಡೆ ತಿರುಗಿಸಿ ಹಿಡಿದರು.