ಡೈನೋಸಾರಿಗೆ ಯಾವ ಬಣ್ಣ ಹೊಡೆಯೋದು?

ನಮ್ಮ ಗೇಟಿನ ಪಕ್ಕ ಒಂದು ಕಬ್ಬಿಣದ ಡೈನೋಸಾರು ನಿಂತಿದೆ. ಬಾಲ ಸೇರಿ ಮೂರೂವರೆ ಅಡಿ ಉದ್ದ. ಬೆನ್ನಿಗೆ ಹಳೇ ಬೈಕಿನ ಚೈನು, ಪಕ್ಕೆಗೆ ಸರಳು, ಹಲ್ಲಿಗೆ ಆಕ್ಸಾ ಬ್ಲೇಡು, ಕಣ್ಣಿಗೆ ಬೇರಿಂಗಿನ ಗುಂಡು. ತಲೆ ಮತ್ತು ಹೊಟ್ಟೆ ಮಾತ್ರ ಜಿಐ ಶೀಟು. ಮೈಸೂರಿನ ಬನ್ನಿಮಂಟಪದ ಕಡೆ ಗ್ರಿಲ್ ಕೆಲಸ ಮಾಡುವ ಹುಡುಗನೊಬ್ಬ ಗುಜರಿ ಸಾಮಾನಿನಲ್ಲಿ ಜೋಡಿಸಿಕೊಟ್ಟ. "ಬಣ್ಣ ನೀವೇ ಹೊಡ್ಕೊಳಿ ಸಾರ್, ಮಕ್ಕಳಿಗೂ ಟೈಂಪಾಸ್" ಅಂದ. ಆ ಟೈಂಪಾಸು ಎಂಟು ತಿಂಗಳು ಹಿಡಿಯಿತು.

ಮೊದಲು ಹೊಡೆದದ್ದು ಗಿಳಿಹಸಿರು. ಮಗಳು ಮತ್ತು ಅವಳ ಇಬ್ಬರು ಗೆಳತಿಯರ ಒಮ್ಮತದ ತೀರ್ಮಾನ. ಶೀಟಿನ ಮೇಲೆ ನೇರವಾಗಿ ಇನಾಮೆಲ್ ಹೊಡೀಬಹುದಾ ಅಂತ ಕೇಳಿದ್ದಕ್ಕೆ ಅಂಗಡಿಯವರು "ಏನೂ ಆಗಲ್ಲ" ಅಂದಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ತಲೆಯ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಉಗುರಲ್ಲಿ ಕೆರೆದರೆ ಇಡೀ ಕೆನ್ನೆ ಕೈಗೆ! ಆಗಿದ್ದು ಇಷ್ಟೇ. ಜಿಐ ಶೀಟಿನ ಮೇಲೆ ಸತುವಿನ ಪದರ ಇರುತ್ತದೆ. ಇನಾಮೆಲ್‌ನೊಳಗಿನ ಎಣ್ಣೆ ಅಂಶ, ತೇವ ಸೇರಿದಾಗ, ಆ ಸತುವಿನ ಜೊತೆ ಸೇರಿ ಒಂಥರಾ ಸೋಪು ಆಗುತ್ತದೆ. ಸೋಪಿನ ಮೇಲೆ ಬಣ್ಣ ನಿಲ್ಲುತ್ತದಾ?

ಸರಿ, ಎಲ್ಲ ಕೆರೆದೆವು. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮರಳು ಕಾಗದ ಉಜ್ಜಿದೆವು, ಥಿನ್ನರ್‌ನಲ್ಲಿ ಒರೆಸಿದೆವು. ಶೀಟಿಗೆ ಮೊದಲು ಸತುವನ್ನು ಕಚ್ಚಿ ಹಿಡಿಯುವ ವಾಷ್ ಪ್ರೈಮರ್ ಕೊಟ್ಟು, ಆಮೇಲೆ ಇಡೀ ಮೈಗೆ ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳಪದರ. ಈ ರೆಡ್ ಆಕ್ಸೈಡ್ ಬಗ್ಗೆ ಒಂದು ಮಾತು. ಅದರ ಕೆಂಪು ಪುಡಿ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಸ್ವಂತ ಅಣ್ಣ. ಮಂಡ್ಯದ ಕಡೆ ಹೊಲದ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಕಬ್ಬಿಣದ ಆಕ್ಸೈಡೇ. ತುಕ್ಕು ಹಿಡಿಯದಿರಲಿ ಅಂತ ತುಕ್ಕನ್ನೇ ಬಳಿಯುತ್ತೇವೆ. ಅದು ಆಗಲೇ ಆಮ್ಲಜನಕ ಹೊಟ್ಟೆತುಂಬ ಉಂಡು ಕೂತಿದೆ, ಇನ್ನು ಕೆಡಲು ಏನೂ ಉಳಿದಿಲ್ಲ.

ಈ ನಡುವೆ ಬೀದಿಯವರ ವಿಚಾರಣೆ. ಒಬ್ಬರು "ದೃಷ್ಟಿಗೆ ಇಟ್ಟಿದ್ದೀರಾ?" ಅಂದರು. ಇನ್ನೊಬ್ಬರು "ಹಲ್ಲಿ ಜಾತಿ, ಬಾಗಿಲಲ್ಲಿ ಒಳ್ಳೇದಲ್ಲ" ಅಂದರು. ಹಲ್ಲಿ ಎಡಭುಜಕ್ಕೆ ಬಿತ್ತೋ ಬಲಭುಜಕ್ಕೋ ಅಂತ ಪಂಚಾಂಗ ತೆಗೆಯುವವರ ಜೊತೆ ವಾದ ಮಾಡಿ ನನಗೆ ಸಾಕಾಗಿದೆ. ಆದರೂ ಹೇಳಿಬಿಡುತ್ತೇನೆ, ಡೈನೋಸಾರು ಹಲ್ಲಿಯಲ್ಲ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವನ್ 'ಭಯಂಕರ ಹಲ್ಲಿ' ಅನ್ನುವ ಅರ್ಥ ಬರುವ ಹಾಗೆ ಗ್ರೀಕ್ ಪದ ಕೂಡಿಸಿ ಹೆಸರಿಟ್ಟ. ಆ ಹೆಸರಿನ ಅವಾಂತರ ಇನ್ನೂ ಮುಗಿದಿಲ್ಲ. ಇವತ್ತು ಉಳಿದಿರುವ ಡೈನೋಸಾರ್ ಸಂತಾನ ಹಕ್ಕಿಗಳು. ಸಂತೆಯಲ್ಲಿ ಕಾಲು ಕಟ್ಟಿಸಿಕೊಂಡು ಕೊಕ್ಕೋ ಅನ್ನುವ ನಾಟಿಕೋಳಿ ಹಲ್ಲಿಗಿಂತ ಎಷ್ಟೋ ಹತ್ತಿರದ ನೆಂಟ.

ಪ್ರೈಮರ್ ಒಣಗುತ್ತಿದ್ದಾಗ ಮಗಳು ಕೇಳಿದಳು: "ನಿಜವಾಗ್ಲೂ ಇದರ ಬಣ್ಣ ಯಾವ್ದಪ್ಪಾ?" ನಾನು ಓದುವಾಗ ಈ ಪ್ರಶ್ನೆಗೆ "ಯಾರಿಗೂ ಗೊತ್ತಿಲ್ಲ" ಅನ್ನುತ್ತಿದ್ದರು. ಆಗ ಅದು ಸರಿಯಾದ ಉತ್ತರ. ಈಗ ಅಲ್ಲ. ಆ ಕಥೆ ಒಂದು ದೌತಿ ಶಾಯಿಯಿಂದ ಶುರುವಾಗುತ್ತದೆ.

1833ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್‌ನ ಪಳೆಯುಳಿಕೆ ಸಂಗ್ರಹಕಾರ್ತಿ ಎಲಿಜಬೆತ್ ಫಿಲ್ಪಾಟ್ ಒಂದು ಪತ್ರದಲ್ಲಿ ಇಕ್ತಿಯೋಸಾರ್ ಅನ್ನುವ ಪುರಾತನ ಕಡಲ ಸರೀಸೃಪದ ತಲೆಯ ಚಿತ್ರ ಬರೆದು ಕಳಿಸಿದರು. ಶಾಯಿ ಅಂಗಡಿಯದಲ್ಲ. ಶಾಯಿ ಉಗುಳುವ ಕಡಲಜೀವಿ ಸ್ಕ್ವಿಡ್ಡಿನ ನೆಂಟ ಒಂದರ ಕಲ್ಲಾಗಿದ್ದ ಶಾಯಿಚೀಲವನ್ನು ಅರೆದು, ನೀರು ಕಲಸಿ ಮಾಡಿದ್ದು. 18 ಕೋಟಿ ವರ್ಷಕ್ಕೂ ಹಳೆಯ ಶಾಯಿ, ಹಿಂಗೆ ಕಲಸಿದರೆ ಹಂಗೆ ಬರೆಯಿತು! ನಮ್ಮ ವೆಲ್ಡಿಂಗ್ ಹುಡುಗನ ಅಂಗಡಿ ಇರುವ ಬನ್ನಿಮಂಟಪದಲ್ಲೇ ಇನ್ನೊಂದು ಹಟಮಾರಿ ಶಾಯಿ ತಯಾರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರುಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಮಸಿ ಹಚ್ಚುತ್ತಿದೆ. ಅದರಲ್ಲಿರುವುದು ಬೆಳ್ಳಿಯ ಲವಣ, ಬೆಳಕು ಬಿದ್ದರೆ ಕಪ್ಪಾಗುತ್ತದೆ. ಆದರೆ ಉಗುರು ಬೆಳೆದ ಮೇಲೆ ಅದೂ ಹೋಗುತ್ತದೆ. ಸ್ಕ್ವಿಡ್ ಶಾಯಿಗೆ ಕಪ್ಪು ಕೊಡುವ ಮೆಲನಿನ್ ಅನ್ನುವ ವಸ್ತು ಹೋಗಲ್ಲ. ನಮ್ಮ ಕೂದಲಿನ ಕಪ್ಪೂ ಮೆಲನಿನ್ನೇ.

ಡೆನ್ಮಾರ್ಕಿನ ಪಳೆಯುಳಿಕೆ ವಿಜ್ಞಾನಿ ಯಾಕೋಬ್ ವಿಂಥರ್ ಇಂಥ ಪಳೆಯುಳಿಕೆ ಶಾಯಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸಣ್ಣ ಸಣ್ಣ ಕಾಳು ಕಂಡವು. ಪಳೆಯುಳಿಕೆ ಗರಿಗಳಲ್ಲೂ ಅಂಥವೇ ಕಾಳುಗಳಿದ್ದವು. ಎಲ್ಲರೂ ಅವನ್ನು ಗರಿ ತಿಂದ ಬ್ಯಾಕ್ಟೀರಿಯಾ ಅಂದುಕೊಂಡಿದ್ದರು. 2008ರಲ್ಲಿ ವಿಂಥರ್ ಮತ್ತು ಜೊತೆಯವರು ಬ್ರೆಜಿಲ್‌ನ ಒಂದು ಪಟ್ಟೆಪಟ್ಟೆ ಗರಿ ತೋರಿಸಿದರು. ಕಪ್ಪು ಪಟ್ಟೆಯಲ್ಲಿ ಕಾಳು ಉಂಟು, ಬಿಳಿ ಪಟ್ಟೆಯಲ್ಲಿ ಇಲ್ಲ. ಬ್ಯಾಕ್ಟೀರಿಯಾ ಆಗಿದ್ದರೆ ಪಂಕ್ತಿಯಲ್ಲಿ ಭೇದ ಮಾಡುತ್ತಿತ್ತಾ? ಕಂಡಲ್ಲೆಲ್ಲ ತಿನ್ನುತ್ತಿತ್ತು. ಹಾಗಾಗಿ ಅವು ಮೆಲನೋಸೋಮ್, ಅಂದರೆ ಬಣ್ಣದ ಪೊಟ್ಟಣಗಳು.

ನನಗೆ ಹುಚ್ಚು ಹಿಡಿಸಿದ್ದು ಇಲ್ಲಿಂದ ಮುಂದಿನ ಭಾಗ. ಕಪ್ಪು ಬಣ್ಣದ ಪೊಟ್ಟಣ ಉದ್ದಕ್ಕೆ ಜೀರಿಗೆ ಥರ. ಕೆಂಗಂದು ಬಣ್ಣದ್ದು ದುಂಡಗೆ ಸಾಸಿವೆ ಥರ. ಒಂದು ಮಿಲಿಮೀಟರಿನಲ್ಲಿ ಇಂಥ ಜೀರಿಗೆ ಸಾವಿರ ಸಾಲಾಗಿ ಕೂರುತ್ತವೆ. ಕತ್ತಲೆಯಲ್ಲಿ ಒಗ್ಗರಣೆ ಡಬ್ಬಿಗೆ ಕೈ ಹಾಕಿದರೆ ಬೆರಳಿಗೇ ತಿಳಿಯುತ್ತದಲ್ಲ ಯಾವುದು ಯಾವುದು ಅಂತ? ಹಾಗೆ, ಬಣ್ಣ ನೋಡದೆ ಆಕಾರದಿಂದಲೇ ಬಣ್ಣ ಹೇಳಬಹುದು. ಇನ್ನೂ ಮಜಾ ಏನೆಂದರೆ, ಕೆಲವು ಕಡೆ ಕಾಳೇ ಇರುವುದಿಲ್ಲ, ಕಲ್ಲಿನಲ್ಲಿ ಅದರ ಗುಳಿ ಮಾತ್ರ ಇರುತ್ತದೆ. ಆಲೆಮನೆಯಲ್ಲಿ ಬೆಲ್ಲ ಖಾಲಿಯಾದರೂ ಮರದ ಮಣೆಯ ಗುಳಿ ನೋಡಿ ಅಚ್ಚು ಎಂಥದ್ದು ಅಂತ ಹೇಳುತ್ತೇವಲ್ಲ, ಹಾಗೆ. ಜೀರಿಗೆ ಗುಳಿಯೋ ಸಾಸಿವೆ ಗುಳಿಯೋ, ಅಷ್ಟು ಸಾಕು.

2010ರಲ್ಲಿ ಚೀನಾದ ಸೈನೋಸಾರಾಪ್ಟೆರಿಕ್ಸ್ ಅನ್ನುವ ಡೈನೋಸಾರಿನ ಬಾಲದಲ್ಲಿ ಸಾಸಿವೆ ಸಿಕ್ಕಿತು. ಮೈತುಂಬ ನವಿರು, ಬಣ್ಣ ಕೆಂಗಂದು, ಬಾಲಕ್ಕೆ ಕೆಂಪು-ಬಿಳಿ ಪಟ್ಟೆ. 2017ರಲ್ಲಿ ಇನ್ನಷ್ಟು ತಿಳಿಯಿತು. ಕಣ್ಣಿನ ಸುತ್ತ ಕಳ್ಳನ ಮುಖವಾಡದಂಥ ಕಪ್ಪು ಪಟ್ಟಿ, ಬೆನ್ನು ಗಾಢ, ಹೊಟ್ಟೆ ಬಿಳಿಚು. ನಮ್ಮ ಕೃಷ್ಣಮೃಗದ ಉಪಾಯವೇ ಇದು. ಮೇಲಿನ ಬಿಸಿಲು, ಕೆಳಗಿನ ನೆರಳು ಎರಡನ್ನೂ ಸರಿದೂಗಿಸಿ ಮೈಯನ್ನು ಚಪ್ಪಟೆ ಕಾಣಿಸುವುದು.

ನೀಲಿ-ಹಸಿರಿನ ಮಿಂಚು ಬೇರೆ ಲೆಕ್ಕ. ಕಾರಂಜಿ ಕೆರೆಯ ನವಿಲಿನ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಮೆಲನಿನ್ ಕಡ್ಡಿಗಳು ಜೋಡಿಸಿಕೊಂಡ ರೀತಿಯಿಂದ ಬೆಳಕು ಹಾಗೆ ಒಡೆಯುತ್ತದೆ, ಗರಿ ಅರೆದರೆ ಕಂದು ಪುಡಿ ಅಷ್ಟೇ. 2012ರಲ್ಲಿ ಮೈಕ್ರೋರಾಪ್ಟರ್ ಅನ್ನುವ ಗರಿಯಿದ್ದ ಡೈನೋಸಾರ್ ಕೂಡ ಕಾಗೆಯ ಹಾಗೆ ಮಿಂಚುವ ಕಪ್ಪು ಅಂತ ಗೊತ್ತಾಯಿತು. ಎಲ್ಲ ಬಣ್ಣವೂ ಹೀಗೆ ಸಿಕ್ಕಿಬೀಳುವುದಿಲ್ಲ. ತಿಂದ ಆಹಾರದಿಂದ ಬರುವ ಹಳದಿಗೆ ಇಂಥ ಪೊಟ್ಟಣ ಇಲ್ಲ, ನೆಲದಾಳದ ಬಿಸಿಗೆ ಕಾಳುಗಳೂ ಕುಗ್ಗುತ್ತವೆ. ಟಿ ರೆಕ್ಸ್‌ನ ಬಣ್ಣ ಇವತ್ತಿಗೂ ಸಿಕ್ಕಿಲ್ಲ. ಅದಕ್ಕೆ ಹಸಿರು ಹೊಡೆಯುವವರನ್ನು ತಡೆಯಲು ನನ್ನ ಹತ್ತಿರ ಸಾಕ್ಷಿ ಇಲ್ಲ, ಹೊಟ್ಟೆಯುರಿ ಮಾತ್ರ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಮಗಳು ಎದ್ದು ಹೋಗಿ ಡೈನೋಸಾರಿನ ಮುಂದೆ ಕೂತಿದ್ದಳು. "ಸೈನೋ ಎಷ್ಟು ಉದ್ದ ಇತ್ತು?" ಸುಮಾರು ಒಂದು ಮೀಟರ್ ಅಂದೆ. ಟೇಪ್ ತಂದು ಅಳೆದಳು. "ಅಪ್ಪಾ, ಇದೂ ಅಷ್ಟೇ ಇದೆ. ಬಣ್ಣಾನೂ ಆಗ್ಲೇ ಬಂದ್ಬಿಟ್ಟಿದೆ, ಅಲ್ವಾ?" ನೋಡಿದರೆ ಹೌದು. ರೆಡ್ ಆಕ್ಸೈಡ್ ಅಂದರೆ ಪಕ್ಕಾ ಕೆಂಗಂದು.

ಉಳಿದದ್ದು ಒಂದು ಭಾನುವಾರದ ಕೆಲಸ. ಬಾಲಕ್ಕೆ ಮಾಸ್ಕಿಂಗ್ ಟೇಪು ಸುತ್ತಿ ಬಿಳಿ ಪಟ್ಟೆ, ಹೊಟ್ಟೆಗೆ ಕೆನೆ ಬಣ್ಣ, ಕಣ್ಣಿಗೆ ಕಪ್ಪು ಪಟ್ಟಿ. ಬರೀ ಪ್ರೈಮರ್ ಮಳೆಗೆ ತಡೆಯಲ್ಲ, ಅದಕ್ಕೆ ಮೇಲೆ ಹೊಳಪಿಲ್ಲದ ವಾರ್ನಿಶ್. ದಸರೆಯಲ್ಲಿ ಪಟ್ಟದ ಗೊಂಬೆಗಳ ಪಕ್ಕ ಒಂಬತ್ತು ದಿನ ಕೂತು ಬಂತು.

ಮೊನ್ನೆ ಆ ವೆಲ್ಡಿಂಗ್ ಹುಡುಗ ಗೇಟಿನ ಕೀಲು ಸರಿಮಾಡಲು ಬಂದಿದ್ದ. ತನ್ನ ಡೈನೋಸಾರನ್ನು ಸುತ್ತು ಹಾಕಿ ನೋಡಿದ, ಬಾಲ ಮುಟ್ಟಿದ. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದ:

"ಪ್ರೈಮರ್ ಚೆನ್ನಾಗಿ ಕೂತಿದೆ ಸಾರ್. ಬಣ್ಣ ಯಾವಾಗ ಹೊಡಿತೀರಾ?"